ನಿಂತವರ ಬಯಲು

ಆ ಊರಿನಲ್ಲಿ, ಯಾರ ಕಾಲು ನೆಲ ಬಿಟ್ಟು ಏಳುವುದಿಲ್ಲವೋ ಅವರನ್ನು ನೆಲ ಕರೆದಿದೆ ಎಂದು ತಿಳಿಯುತ್ತಿದ್ದರು.

ಕರೆ ಎಲ್ಲರಿಗೂ ಬರುತ್ತಿರಲಿಲ್ಲ. ಕೆಲವರು ಜ್ವರದಲ್ಲಿ ಹೋಗುತ್ತಿದ್ದರು, ಕೆಲವರು ನಿದ್ದೆಯಲ್ಲಿ ಹೋಗುತ್ತಿದ್ದರು. ಅವರನ್ನು ಮಣ್ಣು ಮಾಡಿ ಬಂದು ಊರು ಸ್ನಾನ ಮಾಡುತ್ತಿತ್ತು. ಆದರೆ ಇನ್ನು ಕೆಲವರಿಗೆ, ತಲೆ ನೆರೆಯುವ ಹೊತ್ತಿಗೆ, ಹೆಜ್ಜೆ ಚಿಕ್ಕದಾಗುತ್ತಿತ್ತು. ಎರಡು ಕಾಲುಗಳ ನಡುವಿನ ಅಂತರ ಹೆಚ್ಚುತ್ತಿತ್ತು. ಅಂಗಾಲು ನೆಲಕ್ಕೆ ಅಂಟಿಕೊಂಡು, ಕೀಳಬೇಕಾದರೆ ಬೇರು ಸಮೇತ ಕೀಳಬೇಕೇನೋ ಅನ್ನುವಂತಾಗುತ್ತಿತ್ತು. ಆಮೇಲೆ ಉಟ್ಟ ಬಟ್ಟೆ ಒದ್ದೆಯಾಗತೊಡಗುತ್ತಿತ್ತು. ಆಮೇಲೆ ಮಾತು ಕಡಿಮೆಯಾಗಿ, ಮನೆಯವರ ಮುಖವನ್ನು ಗೋಡೆ ನೋಡಿದ ಹಾಗೆ ನೋಡುತ್ತಿದ್ದರು. ಇದನ್ನು ಊರಿನವರು ಕಾಯಿಲೆ ಅನ್ನುತ್ತಿರಲಿಲ್ಲ. ನೆಲ ಮೊದಲು ಕಾಲು ಕೇಳುತ್ತದೆ, ಆಮೇಲೆ ನೀರು ಕೇಳುತ್ತದೆ, ಕೊನೆಗೆ ನೆನಪು ಕೇಳುತ್ತದೆ ಅನ್ನುತ್ತಿದ್ದರು.

ಕರೆ ಬಂದವರನ್ನು ಊರಾಚೆಯ ಬಯಲಿಗೆ ಕರೆದೊಯ್ದು ನಿಲ್ಲಿಸುತ್ತಿದ್ದರು. ಅಲ್ಲಿ ಸಾಲಾಗಿ ಮರದ ಕಂಬಗಳಿದ್ದವು, ಮೇಲೆ ಹುಲ್ಲಿನ ಚಪ್ಪರ. ಒಬ್ಬೊಬ್ಬರಿಗೆ ಒಂದೊಂದು ಕಂಬ. ಬೆನ್ನನ್ನು ಕಂಬಕ್ಕೆ ಆನಿಸಿ, ಎದೆಗೂ ಸೊಂಟಕ್ಕೂ ಮೆತ್ತನೆಯ ಹಗ್ಗ ಸುತ್ತುತ್ತಿದ್ದರು. ಬಯಲಿನ ಯಜಮಾನ ಪಾದಗಳ ಮೇಲೆ ಒಂದು ಹಿಡಿ ಮಣ್ಣು ಹಾಕುತ್ತಿದ್ದ. ಆ ಮಣ್ಣಿಗೆ ಮನೆಯವರು ಚೊಂಬಿನಿಂದ ನೀರು ಹೊಯ್ಯುತ್ತಿದ್ದರು. ಆಗ ಯಜಮಾನ ಕೇಳುತ್ತಿದ್ದ:

"ಹೆಸರು ಬಿಟ್ಟಿರಾ?"

"ಬಿಟ್ಟೆವು."

ಅಲ್ಲಿಗೆ ಆ ಹೆಸರು ಅವರದಲ್ಲ. ಊರಿನಲ್ಲಿ ಮುಂದೆ ಹುಟ್ಟುವ ಯಾವುದಾದರೂ ಮಗುವಿಗೆ ಅದನ್ನು ಇಡುತ್ತಿದ್ದರು. ಬಯಲಿನಲ್ಲಿರುವವರಿಗೆ ಉಳಿಯುವುದು ಒಂದೇ ಹೆಸರು, ನಿಂತವರು.

ನಿಂತವರಿಗೆ ಉಣಿಸಬಹುದಿತ್ತು, ಮೈ ತೊಳೆಯಬಹುದಿತ್ತು, ತಲೆ ಬಾಚಬಹುದಿತ್ತು. ಮಾತಾಡಿಸಬಾರದಿತ್ತು. ಮಾತಾಡಿಸಿದರೆ ಆಗಷ್ಟೇ ಇಳಿಯುತ್ತಿರುವ ಬೇರು ಹರಿಯುತ್ತದೆ, ಅವರಿಗೆ ನೋವಾಗುತ್ತದೆ ಎಂದು ನಂಬಿದ್ದರು. ಪ್ರೀತಿ ಇದ್ದವರೇ ಹೆಚ್ಚು ಬಾಯಿ ಬಿಗಿಹಿಡಿಯುತ್ತಿದ್ದರು.

ಆ ಊರಿನಲ್ಲಿ ಒಬ್ಬ ಹಗ್ಗದವನಿದ್ದ. ಅವನ ಹೆಂಡತಿಯನ್ನು ಎಲ್ಲರೂ ಹಗ್ಗದವಳು ಅನ್ನುತ್ತಿದ್ದರು. ಮನೆಯ ಹಿಂದೆ ಉದ್ದನೆಯ ಓಣಿಯಂಥ ಜಾಗ. ಒಂದು ತುದಿಯಲ್ಲಿ ಅವಳು ಕೂತು ರಾಟೆ ತಿರುಗಿಸುತ್ತಿದ್ದಳು. ಅವನು ಸೊಂಟಕ್ಕೆ ನಾರಿನ ಕಂತೆ ಕಟ್ಟಿಕೊಂಡು, ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯುತ್ತಿದ್ದ. ಅವಳ ಮುಖ ನೋಡುತ್ತಲೇ ಅವಳಿಂದ ದೂರ ಹೋಗುತ್ತಿದ್ದ. ಹೋದಷ್ಟೂ ಹಗ್ಗ ಉದ್ದವಾಗುತ್ತಿತ್ತು. ಮದುವೆಯಾದಾಗಿನಿಂದ ಅವರ ಬದುಕೇ ಹೀಗೆ. ಮಕ್ಕಳಿರಲಿಲ್ಲ. ಊರಿನ ಬಾವಿಗೆ ಹಗ್ಗ, ತೊಟ್ಟಿಲಿಗೆ ಹಗ್ಗ, ದನಕ್ಕೆ ಹಗ್ಗ, ಬಯಲಿನ ಕಂಬಗಳಿಗೆ ಬೇಕಾದ ಮೆತ್ತನೆಯ ಹಗ್ಗ, ಎಲ್ಲವೂ ಆ ಓಣಿಯಿಂದಲೇ ಹೋಗುತ್ತಿದ್ದವು.

ಒಂದು ಬೆಳಗ್ಗೆ ರಾಟೆ ತಿರುಗಿಸುತ್ತಿದ್ದವಳಿಗೆ ಹಗ್ಗ ಬಿಗಿಯಾಗದೆ ಕೈಯಲ್ಲಿ ಜೋಲಿತು. ತಲೆ ಎತ್ತಿ ನೋಡಿದಳು. ಗಂಡ ಓಣಿಯ ನಡುವೆ ನಿಂತುಬಿಟ್ಟಿದ್ದ. ಕಾಲಿನ ಕಡೆ ನೋಡುತ್ತಿದ್ದ, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ.

"ಏನ್ರೀ, ಏನಾಯ್ತು?"

"ಏಳ್ತಾ ಇಲ್ಲ," ಅಂದ.

ಅವಳು ಓಡಿಹೋಗಿ ಅವನ ಬಾಯಿ ಮುಚ್ಚಿದಳು.

ಆಮೇಲೆ ಅವಳು ಬಚ್ಚಿಡತೊಡಗಿದಳು. ಅವನ ಒದ್ದೆ ಪಂಚೆಗಳನ್ನು ತನ್ನ ಸೀರೆಯೊಳಗೆ ಸುತ್ತಿ ತೊಳೆದು ತಂದಳು. ಯಾರಾದರೂ ಕೇಳಿದರೆ ಸೊಂಟ ಹಿಡಿದಿದೆ ಅಂದಳು. ತಾನೇ ಹಿಂದಕ್ಕೆ ನಡೆದು ಹಗ್ಗ ಹೊಸೆದಳು, ಅವನನ್ನು ರಾಟೆಯ ಮುಂದೆ ಕೂರಿಸಿದಳು. ಅವನ ಕೈ ಸ್ವಲ್ಪ ಹೊತ್ತು ತಿರುಗಿಸಿ, ಯಾಕೆ ತಿರುಗಿಸುತ್ತಿದ್ದೇನೆ ಎಂಬುದು ಮರೆತು, ನಿಂತುಹೋಗುತ್ತಿತ್ತು. ಅವನು ಸಿಟ್ಟಾಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಒಳಗಿನ ದೀಪ ಯಾರೋ ಸಣ್ಣಗೆ ಮಾಡಿಟ್ಟ ಹಾಗಿರುತ್ತಿದ್ದ.

ಎಷ್ಟು ದಿನ ಬಚ್ಚಿಟ್ಟಾಳು? ಒಂದು ದಿನ ಅವಳು ಬಾವಿಗೆ ಹೋಗಿದ್ದಾಗ ಅವನು ಬಾಗಿಲು ದಾಟಿ ಬೀದಿಗೆ ಬಂದ. ಬೀದಿಯ ನಡುವೆ ಅವನ ಕಾಲು ಅಂಟಿಕೊಂಡಿತು. ಊರು ನೋಡಿತು. ಸಂಜೆ ಬಯಲಿನ ಯಜಮಾನ ಮನೆಗೆ ಬಂದು, ಜಗಲಿಯ ಮೇಲೆ ಕೂತು, ನೀರು ಕುಡಿದು, ಮೆಲ್ಲಗೆ ಹೇಳಿದ: "ತಂಗೀ, ಕರೆ ಬಂದವರನ್ನು ತಡೆಯಬಾರದು. ನನಗೂ ಇಷ್ಟದ ಕೆಲಸ ಅಲ್ಲ ಇದು."

ಕಂಬದ ಹತ್ತಿರ ಅವನ ಎದೆಗೆ ಸುತ್ತಿದ ಹಗ್ಗ ಅವನೇ ಹೊಸೆದದ್ದು. ಹಗ್ಗದವಳಿಗೆ ಅದರ ಹುರಿ ನೋಡಿದ ಕೂಡಲೇ ಗೊತ್ತಾಯಿತು. "ಹೆಸರು ಬಿಟ್ಟಿರಾ?" ಅಂದಾಗ ಅವಳಿಗೆ ಬಾಯಿ ಬರಲಿಲ್ಲ. ಅವಳ ಮೈದುನ ಮುಂದೆ ಬಂದು "ಬಿಟ್ಟೆವು" ಅಂದ. ಮುಂದೆ ಆ ಮೈದುನನಿಗೆ ಗಂಡುಮಗು ಹುಟ್ಟಿತು, ಹೆಸರು ಆ ಮಗುವಿಗೆ ಹೋಯಿತು.

ಪ್ರತಿ ಬೆಳಗ್ಗೆ ಹಗ್ಗದವಳು ಗಂಜಿಯ ಪಾತ್ರೆ ಹಿಡಿದು ಬಯಲಿಗೆ ಹೋಗುತ್ತಿದ್ದಳು. ಗಂಡನಿಗೆ ಉಣಿಸಿ, ಬಾಯಿ ಒರೆಸಿ, ಪಾದದ ಮೇಲಿನ ಮಣ್ಣನ್ನು ಗಾಳಿ ಹಾರಿಸಿದ್ದರೆ ಮತ್ತೆ ಸರಿಮಾಡಿ ಬರುತ್ತಿದ್ದಳು. ಪಕ್ಕದ ಕಂಬದಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಮಡಕೆ ಮಾಡುವವಳ ತಾಯಿ ಅವಳು. ಮಗಳು ಮೊದಮೊದಲು ದಿನವೂ ಬರುತ್ತಿದ್ದಳು, ಆಮೇಲೆ ಯಾಕೋ ಬರುವುದನ್ನೇ ಬಿಟ್ಟಿದ್ದಳು. ಪಾತ್ರೆಯಲ್ಲಿ ಉಳಿದದ್ದನ್ನು ಹಗ್ಗದವಳು ಆ ಮುದುಕಿಗೂ ಉಣಿಸುತ್ತಿದ್ದಳು. ಒಂದು ದಿನ ಹೋದಾಗ ಮುದುಕಿ ತೀರಿಕೊಂಡು ಅವಳ ಕಂಬ ಖಾಲಿಯಾಗಿತ್ತು. ಹಗ್ಗ ಮಾತ್ರ ಸಡಿಲವಾಗಿ ಬುಡದಲ್ಲಿ ಬಿದ್ದಿತ್ತು.

ಬಯಲಿನಲ್ಲಿ ಗಾಳಿ ಬೀಸುತ್ತಿತ್ತು. ಚಪ್ಪರದ ಹುಲ್ಲು ಸದ್ದು ಮಾಡುತ್ತಿತ್ತು. ಉಣಿಸಲು ಬಂದವರ ಬಳೆಗಳ ಸದ್ದು, ಪಾತ್ರೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಉಣಿಸಿ ಹೊರಡುವಾಗ ಒಮ್ಮೊಮ್ಮೆ ಹಗ್ಗದವಳಿಗೆ ಬೆನ್ನ ಹಿಂದೆ ಯಾರೋ ಉಸಿರು ಎಳೆದುಕೊಂಡ ಹಾಗೆ, ಮಾತು ಶುರು ಮಾಡುವವರು ಎಳೆದುಕೊಳ್ಳುತ್ತಾರಲ್ಲ ಹಾಗೆ, ಕೇಳಿಸುತ್ತಿತ್ತು. ತಿರುಗಿದರೆ ಎಲ್ಲರೂ ಸುಮ್ಮನೆ ನಿಂತಿರುತ್ತಿದ್ದರು. ಅವಳು ಸೆರಗು ಬಿಗಿದುಕೊಂಡು ಬೇಗ ಬೇಗ ನಡೆಯುತ್ತಿದ್ದಳು.

ಹೀಗಿರುವಾಗ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಬಯಲಿಗೆ ಬಂದಳು. ಹೆಗಲಿಗೆ ಚರ್ಮದ ಚೀಲ, ಕಾಲಲ್ಲಿ ಧೂಳು. ಅವಳು ನಿಂತವರ ಮುಖಗಳನ್ನು ನೋಡಲಿಲ್ಲ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹೋಗಿ ಪಾದಗಳನ್ನು ನೋಡಿದಳು. ಕೂತು, ಮಣ್ಣು ಸರಿಸಿ, ಪಾದಗಳ ನಡುವಿನ ಅಂತರ ನೋಡಿದಳು. ಮೊಣಕಾಲು ಮಡಿಸಿ ನೋಡಿದಳು. ಹಗ್ಗದವಳು ಗಂಜಿಯ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು.

"ಇವರು ನಿಮಗೇನಾಗಬೇಕು ಅಕ್ಕಾ?" ಬಂದವಳು ಕೇಳಿದಳು.

ಬಯಲಿನಲ್ಲಿ ಅಷ್ಟು ಜೋರಾಗಿ ಯಾರೂ ಮಾತಾಡಿದ್ದಿಲ್ಲ. ಹಗ್ಗದವಳು ಅವಳ ಕೈ ಹಿಡಿದು ಬೇಲಿಯಾಚೆ ಎಳೆದುಕೊಂಡು ಹೋದಳು. "ಯಾರು ತಾಯೀ ನೀವು? ಅಲ್ಲಿ ಮಾತಾಡಬಾರದು. ಅದು ನನ್ನ ಗಂಡ. ಅಂದರೆ, ಆಗಿದ್ದರು."

"ಮೊದಲು ಕಾಲು ಹೋಯಿತು. ಆಮೇಲೆ ಬಟ್ಟೆ ಒದ್ದೆಯಾಯಿತು. ಆಮೇಲೆ ಮರೆವು. ಹೌದಾ?"

"ನೆಲ ಹಾಗೇ ಅಲ್ಲವಾ ಕರೆಯೋದು?"

ಬಂದವಳು ಬೇಲಿಯ ಕಲ್ಲಿನ ಮೇಲೆ ಕೂತಳು. ಅವಳು ಸಿರಿವಂತರ ಮನೆಯ ವೈದ್ಯರ ಹಾಗೆ ಮಾತಾಡಲಿಲ್ಲ. ಪಕ್ಕದ ಮನೆಯವಳು ಅಡುಗೆಯ ವಿಷಯ ಹೇಳಿದ ಹಾಗೆ ಹೇಳಿದಳು.

"ನನ್ನ ನಿಮ್ಮ ಎಲ್ಲರ ತಲೆಯೊಳಗೂ ನೀರಿದೆ ಅಕ್ಕಾ. ತಿಳಿಯಾದ ನೀರು. ಮಿದುಳು ಅದರಲ್ಲಿ ತೇಲುತ್ತಿರುತ್ತದೆ, ಬಸುರಿಯ ಹೊಟ್ಟೆಯಲ್ಲಿ ಕೂಸು ತೇಲಿದ ಹಾಗೆ. ಆ ನೀರಿಲ್ಲದಿದ್ದರೆ ಮಿದುಳು ತನ್ನ ಭಾರಕ್ಕೆ ತಾನೇ ನಜ್ಜಾಗಿಹೋಗುತ್ತಿತ್ತು. ನಾವು ತಲೆ ಕೊಡವಿದರೂ, ಎಡವಿ ಬಿದ್ದರೂ, ಆ ನೀರೇ ಏಟು ತಿಂದು ಅದನ್ನು ಕಾಪಾಡುತ್ತದೆ. ಆ ನೀರು ನಿಂತ ನೀರಲ್ಲ. ತಲೆಯೊಳಗೆ ಸಣ್ಣ ಸಣ್ಣ ಕೋಣೆಗಳಿವೆ, ಅಲ್ಲಿ ದಿನವೂ ಹೊಸದು ಹುಟ್ಟುತ್ತದೆ. ಮಿದುಳನ್ನು ಸುತ್ತಿ, ಬೆನ್ನೆಲುಬಿನೊಳಗೆ ಇಳಿದು, ಕೊಳೆ ತೊಳೆದುಕೊಂಡು, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ. ಕೆಲವರಿಗೆ ವಯಸ್ಸಾದ ಮೇಲೆ ನೀರು ಹುಟ್ಟುತ್ತದೆ, ಹೋಗುವ ದಾರಿ ಮಾತ್ರ ಸರಾಗವಾಗಿರುವುದಿಲ್ಲ. ಕೋಣೆಗಳು ಉಬ್ಬುತ್ತವೆ, ಗೋಡೆಗಳನ್ನು ಒತ್ತುತ್ತವೆ. ಕಾಲಿಗೆ ಹೋಗುವ ಎಳೆಗಳು ಆ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತವೆ."

ಹಗ್ಗದವಳಿಗೆ ಎಳೆ ಅಂದದ್ದು ಮಾತ್ರ ಚೆನ್ನಾಗಿ ತಿಳಿಯಿತು.

"ಅಂದರೆ... ನೆಲ ಕರೆದಿಲ್ಲವಾ?"

"ನನಗೆ ನೆಲದ ವಿಷಯ ಗೊತ್ತಿಲ್ಲ. ನೀರಿನ ವಿಷಯ ಗೊತ್ತು. ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡಬಹುದು. ನೀರೇ ಕಾರಣವಾಗಿದ್ದರೆ ಕಾಲು ಏಳುತ್ತದೆ. ಬೇರೆ ಕಾರಣವಾಗಿದ್ದರೆ ಏಳುವುದಿಲ್ಲ. ತೆಗೆಯದೆ ಹೇಳಲಾರೆ."

ಅಂದಿನಿಂದ ಅವಳನ್ನು ನೀರಿನವಳು ಅಂದರು.

ಹಗ್ಗದವಳು ಹಗ್ಗ ಬಿಚ್ಚಿದಳು. ಇಬ್ಬರೂ ಸೇರಿ ಅವನನ್ನು ಚಪ್ಪರದ ಮೂಲೆಯಲ್ಲಿ ಚಾಪೆ ಹಾಸಿ ಮಗ್ಗುಲಾಗಿ ಮಲಗಿಸಿದರು. "ಮೊಣಕಾಲು ಎದೆಗೆ ತನ್ನಿ. ಗಲ್ಲ ಒಳಗೆ. ಹುಟ್ಟದ ಮಗುವಿನ ಹಾಗೆ ಮುದುಡಿಸಿ ಹಿಡಿದುಕೊಳ್ಳಿ, ಅಲುಗಾಡಬಾರದು," ಅಂದಳು ನೀರಿನವಳು. ಹಗ್ಗದವಳು ಗಂಡನ ಮೊಣಕಾಲುಗಳನ್ನೂ ಕತ್ತನ್ನೂ ಅಪ್ಪಿ ಹಿಡಿದಳು. ಅವನು ಇಷ್ಟು ಹತ್ತಿರ ಬಂದು ಎಷ್ಟು ಕಾಲವಾಗಿತ್ತು! ನೀರಿನವಳು ಬೆನ್ನಿನ ಕೆಳಗೆ ಮೂಳೆಯ ಮಣಿಗಳನ್ನು ಬೆರಳಿನಿಂದ ಎಣಿಸುತ್ತ ಬಂದು, ಎರಡು ಮಣಿಗಳ ನಡುವೆ ಜಾಗ ಹುಡುಕಿ, ತೊಳೆದು, ಉದ್ದನೆಯ ಸೂಜಿ ಇಳಿಸಿದಳು. ಸೂಜಿಯ ತುದಿಯಲ್ಲಿ ಒಂದು ಹನಿ ಕಾಣಿಸಿತು. ಬಿತ್ತು. ಇನ್ನೊಂದು. ಗಾಜಿನ ನಳಿಕೆಯಲ್ಲಿ ಹನಿ ಹನಿಯಾಗಿ ಕೂಡಿತು.

ಅವಳು ಅದನ್ನು ಬಿಸಿಲಿಗೆ ಹಿಡಿದಳು. "ಮಬ್ಬಾಗಿದ್ದರೆ ಒಳಗೆ ಸೋಂಕು ಅಂತ. ಕೆಂಪಾಗಿದ್ದರೆ ಒಳಗೆಲ್ಲೋ ರಕ್ತನಾಳ ಒಡೆದಿದೆ ಅಂತ. ನೋಡಿ, ಇದು ತಿಳಿಯಾಗಿದೆ."

ಹಗ್ಗದವಳು ನೋಡಿದಳು. ಅದು ನೀರಿನಂತೆಯೇ ಇತ್ತು. ಇಷ್ಟಕ್ಕೆ, ಇಷ್ಟು ತಿಳಿಯಾದದ್ದಕ್ಕೆ, ತನ್ನ ಗಂಡನ ಕಾಲ ಮೇಲೆ ಮಣ್ಣು ಹಾಕಿದರಾ ಅನ್ನಿಸಿತು.

ಅವನನ್ನು ಅಂಗಾತ ಮಲಗಿಸಿ ಕಾದರು. ಬಿಸಿಲು ಏರಿತು, ಇಳಿಯಿತು. ಇಳಿಹೊತ್ತಿಗೆ ಅವನು ಎದ್ದು ಕೂತ. ಕಾಲು ನೋಡಿಕೊಂಡ. ಎದ್ದು ನಿಂತ. ಬಲಗಾಲು ಎತ್ತಿದ, ಅದು ಎದ್ದಿತು. ಇಟ್ಟ. ಎಡಗಾಲು ಎತ್ತಿದ. ಚಪ್ಪರದ ಈ ತುದಿಯಿಂದ ಆ ತುದಿಗೆ ನಡೆದು, ತಿರುಗಿ, ಮತ್ತೆ ನಡೆದು ಬಂದ. ಸಾಲಿನಲ್ಲಿದ್ದ ನಿಂತವರ ಕಣ್ಣುಗಳು ಅವನ ಹಿಂದೆಯೇ ಹೋಗಿ, ಹಿಂದೆಯೇ ಬಂದವು. ಅದನ್ನು ಹಗ್ಗದವಳು ಕಂಡಳು. ಅದುವರೆಗೆ ಆ ಕಣ್ಣುಗಳು ಅಲುಗುತ್ತವೆಂದು ಯಾರೂ ನೋಡಿರಲಿಲ್ಲ.

"ನಾನು ಯಾರು ಗೊತ್ತಾಯ್ತಾ ನಿಮಗೆ?" ಅಂದಳು. ನಿಯಮ ಮುರಿದ ಮೊದಲ ಮಾತು ಅದು.

"ಗಂಜಿಗೆ ಉಪ್ಪು ಕಡಿಮೆ ಹಾಕ್ತಿದ್ದೆ ನೀನು," ಅಂದ.

ಅವಳು ಚಾಪೆಯ ಮೇಲೆ ಕೂತಳು. ಅವನೂ ಎದುರಿಗೆ ಕೂತ.

"ಎಲ್ಲ ತಿಳೀತಿತ್ತಾ? ನಾನು ಬರೋದು, ಹೋಗೋದು?"

"ತಿಳೀತಿತ್ತು. ದೂರದಿಂದ ಕೇಳಿಸ್ತಿತ್ತು, ಬಾವಿ ಒಳಗಿದ್ದವನಿಗೆ ಮೇಲಿನವರ ಮಾತು ಕೇಳಿಸಿದ ಹಾಗೆ. ಮಾತಾಡಬೇಕು ಅಂತ ಒಳಗಿಂದ ಏನೋ ಮೇಲಕ್ಕೆ ಬರ್ತಿತ್ತು. ಮೆಲ್ಲಗೆ ಬರ್ತಿತ್ತು. ಬಾಯಿಗೆ ಬರೋ ಹೊತ್ತಿಗೆ ನೀನು ಹೋಗಿರ್ತಿದ್ದೆ."

"ಎಲ್ಲರಿಗೂ ಹಾಗೇನಾ?"

ಅವನು ಸಾಲನ್ನು ನೋಡಿದ. "ಮಧ್ಯಾಹ್ನ ನೀವೆಲ್ಲ ಹೋದಮೇಲೆ ಇಲ್ಲಿ ಮಾತು ಶುರುವಾಗುತ್ತೆ," ಅಂದ. "ಒಬ್ಬೊಬ್ಬರದು ಒಂದೊಂದು ಮಾತು. ಪಕ್ಕದವರಿಗೆ ಹೇಳಿದ್ದಲ್ಲ. ಬೆಳಗ್ಗೆ ಬಂದು ಹೋದವರಿಗೆ ಹೇಳಿದ್ದು."

ಸಂಜೆ ಅವರಿಬ್ಬರೂ ಬೀದಿಯಲ್ಲಿ ನಡೆದು ಮನೆಗೆ ಬಂದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಯಾರೂ ಕಲ್ಲು ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಹೆದರಿಕೆ ಆ ಬೀದಿಯಲ್ಲಿ ಹೊಗೆಯ ಹಾಗೆ ನಿಂತಿತ್ತು. ಮೈದುನನ ಮನೆಯ ಮುಂದೆ ಒಳಗಿನಿಂದ ತಾಯಿಯೊಬ್ಬಳು "ಅಡಿವೆಪ್ಪಾ, ಒಳಗೆ ಬಾ!" ಎಂದು ಕೂಗಿದಳು. ಹಗ್ಗದವನು ಹೇಳಿದ ಮಾತು ಕೇಳುವವನ ಹಾಗೆ ಆ ಮನೆಯ ಕಡೆ ತಿರುಗಿ ಮೆಟ್ಟಿಲು ಹತ್ತತೊಡಗಿದ. ಅವನ ಕಾಲ ಪಕ್ಕದಿಂದ ಒಂದು ಅಂಬೆಗಾಲಿನ ಕೂಸು ಮಣ್ಣಿನ ಕೈಯೂರಿಕೊಂಡು ಅವನಿಗಿಂತ ಮೊದಲು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು ಹಾಗೇ ಉಳಿದ.

"ಕರೆದರಲ್ಲ," ಅಂದ.

"ನಿಮ್ಮನ್ನಲ್ಲ. ಬನ್ನಿ."

ಓಣಿಯ ತಿರುವಿನಲ್ಲಿ ಮಡಕೆಯವಳು ಅವರಿಗೆ ಅಡ್ಡ ಬಂದಳು. ಕೈತುಂಬ ಹಸಿ ಜೇಡಿ. ಅವಳು ಹಗ್ಗದವನನ್ನು ನೋಡಲಿಲ್ಲ, ಅವನ ಕಾಲನ್ನೇ ನೋಡಿದಳು. ಆಮೇಲೆ ಹಗ್ಗದವಳ ಎರಡೂ ತೋಳು ಹಿಡಿದುಕೊಂಡಳು.

"ಅಕ್ಕಾ, ಇವರನ್ನು ನಡೆಸಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಮನೆಯೊಳಗೆ ಇಟ್ಕೋ, ಬೀದಿಯಲ್ಲಿ ನಡೆಸಬೇಡ."

"ಯಾಕೆ?"

"ಇವರು ನಡೆದರೆ ನಮ್ಮವ್ವ ಏನಾದಳು? ನೆಲ ಕರೆದುಕೊಂಡಿತು ಅಂತ ನಾನು ಹೇಗೋ ಇದ್ದೀನಿ. ಇವರು ನಡೆದರೆ, ನಮ್ಮವ್ವನ್ನ ಅಲ್ಲಿ ಕಟ್ಟಿದವರು ಯಾರು ಹಾಗಾದರೆ?"

ಮಡಕೆಯವಳ ಕೈಯ ಜೇಡಿ ಹಗ್ಗದವಳ ತೋಳಿನ ಮೇಲೆ ಹಾಗೇ ಅಂಟಿ ಉಳಿಯಿತು.

ಕೆಲವು ದಿನ ಅವನು ಮನುಷ್ಯನಾಗಿದ್ದ. ಉಂಡ, ನಕ್ಕ, ಬಚ್ಚಲಿಗೆ ತಾನೇ ಹೋದ. ಆಮೇಲೆ ಹೆಜ್ಜೆ ಮತ್ತೆ ಸಣ್ಣದಾಯಿತು. ಹೊಸ್ತಿಲ ಹತ್ತಿರ ಬಂದು ನಿಂತುಬಿಡತೊಡಗಿದ. ನೀರಿನವಳು ಇದನ್ನು ಮೊದಲೇ ಹೇಳಿದ್ದಳು. ತೆಗೆದ ನೀರು ಮತ್ತೆ ತುಂಬುತ್ತದೆ. ಬಾಳಿಕೆ ಬರುವ ಪರಿಹಾರ ಬೇಕಾದರೆ ನೀರಿಗೆ ಹೊಸ ದಾರಿ ಮಾಡಿಕೊಡಬೇಕು. ತಲೆಬುರುಡೆಯಲ್ಲಿ ಚಿಕ್ಕ ತೂತು ಮಾಡಿ, ಆ ಕೋಣೆಗೆ ಸಣ್ಣ ಕೊಳವೆ ಇಳಿಸಿ, ಕಿವಿಯ ಹಿಂದಿನಿಂದ ಕತ್ತಿನ ಚರ್ಮದ ಕೆಳಗೆ ಹಾಯಿಸಿ, ಹೊಟ್ಟೆಯೊಳಗೆ ಬಿಡಬೇಕು. ನಡುವೆ ಒಂದು ಪುಟ್ಟ ಬಾಗಿಲು, ಹೆಚ್ಚಾದಷ್ಟನ್ನು ಮಾತ್ರ ಬಿಡುವಂಥದ್ದು.

"ಅಪಾಯ ಇಲ್ಲವಾ?" ಹಗ್ಗದವಳು ಕೇಳಿದ್ದಳು.

"ಇದೆ. ಸೋಂಕಾಗಬಹುದು. ಕೊಳವೆ ಕಟ್ಟಿಕೊಳ್ಳಬಹುದು. ನೀರು ಅತಿಯಾಗಿ ಹರಿದರೆ ಮಿದುಳು ಜಗ್ಗಿ ರಕ್ತ ಒಸರಬಹುದು. ಎಲ್ಲ ಸರಿಹೋದರೂ ಹೋದದ್ದೆಲ್ಲ ಮರಳಿ ಬರುತ್ತದೆ ಅಂತಲ್ಲ. ಕಾಲು ಬರಬಹುದು, ನೆನಪು ಅರ್ಧವೇ ಬರಬಹುದು. ಬಹಳ ಕಾಲ ನಿಂತಿದ್ದಾರೆ."

ಹಗ್ಗದವಳು ಹೊಸ್ತಿಲಲ್ಲಿ ಅಂಟಿ ನಿಂತ ಗಂಡನ ಎದುರಿಗೆ ಕೂತು, ಮಾಡಿಸೋಣವಾ ಎಂದು ಕೇಳಿದಳು. ಈ ಸಲ ಅವಳು ಎದ್ದು ಹೋಗಲಿಲ್ಲ. ಒಲೆಯ ಮೇಲಿನ ಸಾರು ಸೀದಿತು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಹೋಯಿತು. ಅವಳು ಕೂತೇ ಇದ್ದಳು. ಕೊನೆಗೆ ಅವನ ಗಂಟಲಿನಲ್ಲಿ ಉಸಿರು ತುಂಬಿತು.

"ಮಾಡಿಸು," ಅಂದ.

ಅದೇ ಸಂಜೆ ಯಜಮಾನ ಬಂದ. ಹಿಂದೆ ಊರು ಬಂದಿತ್ತು. ಅಂಗಳ ತುಂಬಿತು. ಯಜಮಾನ ಮುದುಕನಾಗಿದ್ದ; ನಾಲ್ಕು ದಿನಗಳಲ್ಲಿ ಇನ್ನೂ ಮುದುಕನಾದಂತಿದ್ದ.

"ಮತ್ತೆ ಕಾಲು ಅಂಟಿತಂತೆ. ಕಳಿಸಿಕೊಡು ತಂಗೀ."

"ಕಳಿಸೋದಿಲ್ಲ ಯಜಮಾನ್ರೇ."

"ಅವನು ನಿನ್ನ ಮನೆಯವನಲ್ಲ. ನಿಮ್ಮವರೇ ಹೆಸರು ಬಿಟ್ಟಿದ್ದೀರಿ. ಹೆಸರಿಲ್ಲದವನು ಬಯಲಿನವನು." "ನೋಡಮ್ಮಾ, ನನ್ನ ಅಪ್ಪ ನಿಲ್ಲಿಸಿದ, ಅವನ ಅಪ್ಪ ನಿಲ್ಲಿಸಿದ. ನಾನು ನನ್ನ ಕೈಯಾರೆ ಎಷ್ಟು ಪಾದಕ್ಕೆ ಮಣ್ಣು ಹಾಕಿದ್ದೀನಿ ಗೊತ್ತಾ? ನನ್ನ ಹೆಂಡತಿಯ ಪಾದಕ್ಕೂ ಹಾಕಿದ್ದೀನಿ. ಆ ಹೆಂಗಸು ಒಂದು ಸೂಜಿ ತಂದು, ಅದು ಬರೀ ನೀರು ಅಂತಾಳೆ. ಅದನ್ನ ಇಟ್ಕೊಂಡು ನಾನು ಹೇಗೆ ಮಲಗಲಿ?"

ಹಗ್ಗದವಳು ಮದುವೆಯಾದಂದಿನಿಂದ ಗಂಡನ ಹೆಸರು ಹೇಳಿದವಳಲ್ಲ. ಆ ಊರಿನ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಅವಳು ಗಂಡನ ಪಕ್ಕ ಹೋಗಿ ನಿಂತು, ಅವನ ಕೈ ಹಿಡಿದು, ಎಲ್ಲರ ಮುಖ ನೋಡುತ್ತ ಹೇಳಿದಳು.

"ಅಡಿವೆಪ್ಪ."

ನಾಲಿಗೆಗೆ ಅದು ಹೊಸದಾಗಿತ್ತು. ಇನ್ನೊಂದು ಸಲ ಹೇಳಿದಳು. "ಅಡಿವೆಪ್ಪ ನನ್ನ ಗಂಡ. ನಾನು ಹೆಸರು ಬಿಟ್ಟಿರಲಿಲ್ಲ. ಅವತ್ತು ನನಗೆ ಬಾಯಿ ಬರಲಿಲ್ಲ, ನೀವೇ ಇದ್ದಿರಲ್ಲ. ಬಿಟ್ಟೆವು ಅಂದವರು ಬೇರೆಯವರು."

ಮೈದುನ ತಲೆ ತಗ್ಗಿಸಿದ. ಯಜಮಾನ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಗುಂಪಿನ ನಡುವೆ ದಾರಿ ಮಾಡಿಕೊಂಡು, ಮನೆಯ ಕಡೆಗಲ್ಲ, ಬಯಲಿನ ಕಡೆಗೆ ಹೋದ.

ಹಗ್ಗ ಹೊಸೆಯುವ ಓಣಿಗೆ ಸುಣ್ಣ ಬಳಿದು, ಬಟ್ಟೆಗಳನ್ನು ಕುದಿಸಿ ಹಾಸಿ, ನೀರಿನವಳು ಅಲ್ಲೇ ಕೆಲಸ ಮಾಡಿದಳು. ಅಡಿವೆಪ್ಪನ ತಲೆ ಬೋಳಿಸಿದರು. ಕಿವಿಯ ಹಿಂದಿನಿಂದ ಕೊರಳುದ್ದಕ್ಕೂ ಚರ್ಮದ ಕೆಳಗೆ ಕೊಳವೆಯ ಒಂದು ಸಣ್ಣ ಉಬ್ಬು ಉಳಿಯಿತು, ಮುಟ್ಟಿದರೆ ಸಿಗುವಂಥದ್ದು. ಕೆಲವು ದಿನ ಜ್ವರ ಬಂತು, ಹೋಯಿತು. ಆಮೇಲೆ ಅವನು ಕೋಲು ಹಿಡಿದು ನಡೆದ. ಪಂಚೆ ಒಣಗಿರುತ್ತಿತ್ತು. ಕೆಲವು ಮಾತು ಮರೆತಿದ್ದ. ತನ್ನ ತಾಯಿ ಸತ್ತದ್ದು ಮರೆತಿದ್ದ, ಹೇಳಿದಾಗಲೆಲ್ಲ ಹೊಸದಾಗಿ ಅಳುತ್ತಿದ್ದ. ಹಗ್ಗದವಳು ಹೇಳುವುದನ್ನು ನಿಲ್ಲಿಸಿದಳು.

ಊರು ಒಂದೊಂದಾಗಿ ಬಾಗಿಲು ತೆರೆಯಿತು. ಮೊದಲು ಬಂದವನು ಯಜಮಾನ. ಹೆಂಡತಿಯನ್ನು ಹೊತ್ತುಕೊಂಡು ಬಂದಿದ್ದ. ಅವಳ ಬೆನ್ನಿನಿಂದಲೂ ತಿಳಿಯಾದ ನೀರೇ ಬಂತು. ಆದರೆ ಅವಳ ಕಾಲು ಏಳಲಿಲ್ಲ. ಯಜಮಾನ ಸಂಜೆಯವರೆಗೆ ಕಾದು, ಅವಳನ್ನು ಮತ್ತೆ ಹೊತ್ತುಕೊಂಡು ಹೋದ. ಬಯಲಿಗಲ್ಲ, ಮನೆಗೆ. ಆಮೇಲೆ ಬೇರೆಯವರು ಬಂದರು. ಕೆಲವರು ನಡೆದರು, ಕೆಲವರು ನಡೆಯಲಿಲ್ಲ. ನೀರು ನೋಡಿ ಯಾರು ಯಾವ ಬಗೆ ಎಂದು ಮೊದಲೇ ಹೇಳಲು ಆಗುತ್ತಿರಲಿಲ್ಲ.

ಒಂದು ದಿನ ಹಗ್ಗದವಳಿಗೆ ಸುಸ್ತಾಗಿತ್ತು. ಸೂಜಿ ಇಳಿಸುವಾಗ ಮುದುಡಿಸಿ ಹಿಡಿಯುವವರು ಯಾರೂ ಇರಲಿಲ್ಲ. ಬಾಗಿಲಲ್ಲಿ ಮಡಕೆಯವಳು ಬಂದು ನಿಂತಿದ್ದಳು. "ಯಾರಾದರೂ ಹಿಡ್ಕೋಬೇಕಲ್ಲ," ಎಂದು ಕೈ ತೊಳೆದುಕೊಂಡು ಒಳಗೆ ಬಂದಳು. ಹಸಿ ಮಡಕೆ ಹಿಡಿದು ಪಳಗಿದ ಕೈ. ಅವಳು ಹಿಡಿದರೆ ಯಾರೂ ಅಲುಗುತ್ತಿರಲಿಲ್ಲ. ಅಂದಿನಿಂದ ದಿನವೂ ಬಂದಳು. ಯಾರಾದರೂ ಏಳದೆ ಉಳಿದಾಗ ಅವಳ ಮುಖದ ಮೇಲೆ ಒಂದು ನೆಮ್ಮದಿ ಬಂದು ಹೋಗುತ್ತಿತ್ತು, ತನ್ನ ತಾಯಿಯೂ ಹೀಗೇ ಇದ್ದಿರಬಹುದು ಎಂದು. ಮರುಗಳಿಗೆ ಅವಳು ಆ ನೆಮ್ಮದಿಗೆ ನಾಚಿ ತುಟಿ ಕಚ್ಚುತ್ತಿದ್ದಳು. ಯಾರಾದರೂ ಎದ್ದು ನಡೆದರೆ ಹೊರಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಹಗ್ಗದವಳು ಎರಡನ್ನೂ ನೋಡುತ್ತಿದ್ದಳು.

ಹಾಗೆ ಗೋಡೆಗೆ ಒರಗಿದ್ದಾಗ ಒಂದು ದಿನ ಮಡಕೆಯವಳು ಹೇಳಿದಳು: "ನಾನು ಬಯಲಿಗೆ ಹೋಗೋದು ಯಾಕೆ ಬಿಟ್ಟೆ ಗೊತ್ತಾ ಅಕ್ಕಾ? ಒಂದು ದಿನ ತಡೆಯೋಕಾಗದೆ ಕೇಳಿಬಿಟ್ಟೆ, ಅವ್ವಾ, ನಾನು ಯಾರು ಹೇಳು ಅಂತ. ಮಾತಾಡಬಾರದು ಅಂತ ಗೊತ್ತಿದ್ದೂ ಕೇಳಿದೆ. ಸುಮ್ಮನೆ ನೋಡ್ತಾ ನಿಂತಳು. ಇವಳಲ್ಲಿ ನಾನು ಇಲ್ಲ ಅನ್ನಿಸ್ತು. ಆಮೇಲೆ ಹೋಗಲಿಲ್ಲ." ಮತ್ತೆ ಅಂದಳು: "ನಿನ್ನ ಗಂಡ ಪಕ್ಕದ ಕಂಬದಲ್ಲೇ ಇದ್ದರಲ್ಲ. ನಾನು ಹೋದಮೇಲೆ ಅವ್ವ ಏನಾದರೂ ಅಂದಳಾ, ಕೇಳ್ತೀಯಾ?"

ಹಗ್ಗದವಳು ಮನೆಗೆ ಹೋಗಿ ಕೇಳಿದಳು. ಅಡಿವೆಪ್ಪ ಯೋಚಿಸಿದ. ಅವನ ಉತ್ತರಗಳು ಈಗಲೂ ತಡವಾಗಿಯೇ ಬರುತ್ತಿದ್ದವು.

"ಅಂದಳು. ಮಗಳು ಹೋಗಿ ಬಿಸಿಲು ನೆತ್ತಿಗೆ ಬಂದಮೇಲೆ ಅಂದಳು. ಚಿಗಳಿ ಅಂತ."

"ಚಿಗಳೀನಾ?"

"ಹೂಂ. ತಿನ್ನೋಕೆ ಆಸೆಯಾಗಿತ್ತೇನೋ ಪಾಪ. ಆಮೇಲೆ ದಿನಾ ಮಧ್ಯಾಹ್ನ ಕೇಳೋಳು. ಚಿಗಳೀ, ಚಿಗಳೀ ಅಂತ. ಕಂಬ ಖಾಲಿಯಾಗೋ ತನಕ ಕೇಳಿದಳು."

ಹಗ್ಗದವಳಿಗೆ ಜೀವ ಹಗುರಾಯಿತು. ಇಷ್ಟೇ ತಾನೇ! ಎಳ್ಳು ಬೆಲ್ಲ ಕುಟ್ಟಿ ಕಟ್ಟುವ ಒಂದು ಉಂಡೆಯ ಆಸೆ. ಇದನ್ನು ಹೇಳಿದರೆ ಮಡಕೆಯವಳ ಮನಸ್ಸಿಗೂ ಸಮಾಧಾನವಾದೀತು ಎಂದುಕೊಂಡು ಅವಳ ಮನೆಗೆ ಹೋದಳು. ಮಡಕೆಯವಳು ಹಿತ್ತಲಿನಲ್ಲಿ ಕೂತು ಮಣ್ಣು ನಾದುತ್ತಿದ್ದಳು.

"ಏನೂ ಇಲ್ಲ ಕಣೇ," ಅಂದಳು ಹಗ್ಗದವಳು. "ನಿಮ್ಮವ್ವನಿಗೆ ತಿನ್ನೋ ಆಸೆಯಾಗಿತ್ತಂತೆ. ನೀನು ಹೋದಮೇಲೆ ಚಿಗಳಿ ಬೇಕು ಅಂತ ಕೇಳಿದರಂತೆ. ಆಮೇಲೂ ದಿನಾ ಅದನ್ನೇ ಕೇಳ್ತಿದ್ದರಂತೆ."

ಮಣ್ಣು ನಾದುತ್ತಿದ್ದ ಕೈ ನಿಂತಿತು.

"ಬೇಕು ಅಂದಳಂತಾ?" ಮಡಕೆಯವಳು ಕೇಳಿದಳು. "ಚಿಗಳಿ ಬೇಕು ಅಂತ ಅಂದಳಂತಾ? ಅಥವಾ ಬರೀ ಚಿಗಳಿ ಅಂದಳಂತಾ?"

ಹಗ್ಗದವಳು ನೆನಪು ಮಾಡಿಕೊಂಡಳು. "ಬರೀ ಚಿಗಳಿ. ಚಿಗಳೀ ಅಂತ."

ಮಡಕೆಯವಳು ಮಣ್ಣಿನ ಮುದ್ದೆಯನ್ನು ಪಕ್ಕಕ್ಕೆ ಸರಿಸಿದಳು. "ಅವಳಿಗೆ ಹಲ್ಲಿರಲಿಲ್ಲ ಅಕ್ಕಾ," ಅಂದಳು. "ಹುಟ್ಟಿದಾಗ ನಾನು ಕಪ್ಪಗೆ, ಗುಂಡಗೆ, ಅಂಗೈಯಷ್ಟೇ ಇದ್ದೆನಂತೆ. ಅವಳೊಬ್ಬಳೇ ನನ್ನನ್ನ ಚಿಗಳಿ ಅಂತ ಕರೀತಿದ್ದದ್ದು. ಮದುವೆಯಾದಮೇಲೆ ನಾನೇ ಬೈದು ಬಿಡಿಸಿದ್ದೆ."

ಅವಳು ಎದ್ದಳು. ಮೊಣಕೈವರೆಗೂ ಹಸಿ ಮಣ್ಣು ಮೆತ್ತಿತ್ತು, ತೊಳೆದುಕೊಳ್ಳಲಿಲ್ಲ. ಹಿತ್ತಲಿನ ಬಾಗಿಲು ದಾಟಿ, ಬೀದಿ ದಾಟಿ, ಊರು ದಾಟಿ ನಡೆದಳು. ಹಗ್ಗದವಳು ಹಿಂದೆಯೇ ಹೋದಳು. ನಡು ಮಧ್ಯಾಹ್ನ. ಉಣಿಸುವವರೆಲ್ಲ ಮನೆಗೆ ಹೋಗಿದ್ದರು. ಸಾಲಿನಲ್ಲಿ ಇನ್ನೂ ಉಳಿದಿದ್ದ ನಿಂತವರು ಬಿಸಿಲಿಗೆ ಮುಖ ಮಾಡಿ, ಬೆಳಗ್ಗೆ ಬಂದು ಹೋದವರಿಗೆ ಹೇಳಬೇಕಾದ್ದನ್ನು ಮೆಲ್ಲಗೆ, ಒಂದೊಂದೇ ಮಾತಾಗಿ, ಗಾಳಿಗೆ ಹೇಳುತ್ತಿದ್ದರು.

ಮಡಕೆಯವಳು ಖಾಲಿ ಕಂಬದ ಮುಂದೆ ಹೋಗಿ ನಿಂತು, ಅಡುಗೆಮನೆಯಿಂದ ಕರೆದರೆ ಅಂಗಳದಲ್ಲಿ ಆಡುವ ಹುಡುಗಿ ಓಗೊಡುವ ಹಾಗೆ, ಗಟ್ಟಿಯಾಗಿ,

"ಓ ಅವ್ವಾ," ಅಂದಳು.